ಚೀಲದ ತಳ, ಕೊನೆಯ ಪುಟ

ಮೊದಲು ಬಿದ್ದದ್ದು ಹುಳಿಯಾರು. ಟೆಂಡರ್ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಇನ್ನೆರಡು ನಿಮಿಷ ಇತ್ತು.

“ಅಕ್ಕ, ಹುಳಿಯಾರು ಹೋಯ್ತು,” ಎಂದ ಪಕ್ಕದ ಮೇಜಿನ ಸಹೋದ್ಯೋಗಿ.

ನೀರಿನ ಕ್ಯಾನು ಇಳಿಸಲು ಬಂದಿದ್ದವರು ಕ್ಯಾನನ್ನು ಹೆಗಲ ಮೇಲೇ ಇಟ್ಟುಕೊಂಡು, “ಹುಳಿಯಾರ್ಗೆ ಏನಾಯ್ತು ಸಾರ್? ನಮ್ ತಂಗೀನ ಕೊಟ್ಟಿರದು ಅಲ್ಲೇ,” ಎಂದು ಕೇಳಿದರು. ಅವರಿಗೆ ಉತ್ತರ ಕೊಡುವಷ್ಟರಲ್ಲಿ ದಂಡಿನಶಿವರವೂ ಹೋಯಿತು.

ಇವು ಊರುಗಳಲ್ಲ, ಕಂಪ್ಯೂಟರುಗಳು. ತಿಪಟೂರಿನ ಒಂದು ಕೊಬ್ಬರಿ ಗೋದಾಮಿನ ಮಹಡಿಯಲ್ಲಿ ನಮ್ಮ ಕಚೇರಿ. ಅಲ್ಲಿ ಐದು ಕಂಪ್ಯೂಟರುಗಳು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತವೆ. ಇಂಥ ಗುಂಪಿಗೆ ಕ್ಲಸ್ಟರ್ ಎನ್ನುತ್ತೇವೆ. ಐದಕ್ಕೂ ಸುತ್ತಲಿನ ಊರುಗಳ ಹೆಸರಿಟ್ಟವನು ಸಹೋದ್ಯೋಗಿ. ಒಂದು, ಎರಡು ಎಂದು ನಂಬರು ಕೊಡೋ ಎಂದರೆ, ನಂಬರಿನ ಮೇಲೆ ಸಿಟ್ಟು ಮಾಡಿಕೊಳ್ಳಕ್ಕಾಗಲ್ಲ ಅಕ್ಕ ಎಂದಿದ್ದ. ಆ ದಿನ ಅವನ ಮಾತು ಸರಿ ಅನ್ನಿಸಿತು. ಹುಳಿಯಾರಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೆಲಸ ಇಷ್ಟು. ರೈತರು ಕೊಬ್ಬರಿ ಚೀಲ ತಂದು ಮಂಡಿಯಲ್ಲಿ ಇಳಿಸುತ್ತಾರೆ. ಒಂದೊಂದು ಚೀಲದ ಬಾಯಿ ಬಿಚ್ಚಿ, ಫೋಟೋ ತೆಗೆದು, ಊರು, ರೈತರ ಹೆಸರು, ಗಾತ್ರ, ಬಣ್ಣ, ಒಣಗಿದ ಮಟ್ಟ ಎಲ್ಲವನ್ನೂ ನಮ್ಮಲ್ಲಿಗೆ ಸೇರಿಸುತ್ತಾರೆ. ವರ್ತಕರು ಫೋನಿನಲ್ಲಿ ಹುಡುಕಿ, ನೋಡಿ, ಮಧ್ಯಾಹ್ನದೊಳಗೆ ಟೆಂಡರ್ ಹಾಕಬೇಕು. ಒಳ್ಳೆಯದು ಮೊದಲು, ಕಳಪೆ ಕೊನೆಗೆ ಎಂಬ ಕ್ರಮದಲ್ಲಿ ಚೀಲಗಳು ಕಾಣುತ್ತವೆ. ಇಂದಿನ ಚೀಲ ಮಾತ್ರವಲ್ಲ, ಸುತ್ತಲಿನ ಮಾರುಕಟ್ಟೆಗಳಿಗೆಲ್ಲ ಇಷ್ಟು ವರ್ಷದಿಂದ ಬಂದ ಲಕ್ಷಗಟ್ಟಲೆ ಚೀಲಗಳ ದಾಖಲೆಯೂ ಅದರಲ್ಲಿದೆ. ಹಳೆಯದನ್ನು ತೆಗೆಯೋಣ ಎಂದಾಗಲೆಲ್ಲ ನಮ್ಮ ಮಾಲೀಕರು, “ಇರ್ಲಿ ಬುಡ್ರಿ, ಯಾವತ್ತಾದ್ರೂ ಉಪಯೋಗಕ್ಕೆ ಬತ್ತದೆ,” ಎನ್ನುತ್ತಿದ್ದರು. ಅವರ ಮನೆಯ ಅಟ್ಟವೂ ಹೀಗೇ ಇದೆ ಎಂದು ಕೇಳಿದ್ದೇನೆ.

ಬಿದ್ದ ಬಗೆಯನ್ನೂ ಹೇಳಬೇಕು. ಕಂಪ್ಯೂಟರಿಗೆ ಮೆಮೊರಿ ಎಂದರೆ ಕೆಲಸ ಮಾಡುವ ಮೇಜು. ಮೇಜು ತುಂಬುತ್ತ ಬಂದಾಗ ಅದು ಕೈಲಿರುವ ಕೆಲಸ ನಿಲ್ಲಿಸಿ, ಬೇಡದ್ದನ್ನೆಲ್ಲ ಗುಡಿಸಿ ಹಾಕುತ್ತದೆ. ಗುಡಿಸುವಾಗ ಯಾರು ಕರೆದರೂ ಓಗೊಡುವುದಿಲ್ಲ. ಸಾಮಾನ್ಯವಾಗಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಆ ದಿನ ಹುಳಿಯಾರು ಅರ್ಧ ನಿಮಿಷ ಗುಡಿಸಿತು. ಕರೆದರೂ ಮಾತಾಡದ ಹುಳಿಯಾರು ಸತ್ತೇಹೋಗಿದೆ ಎಂದು ಉಳಿದ ನಾಲ್ಕೂ ತೀರ್ಮಾನಿಸಿ, ಅದರ ಪಾಲಿನ ಕೆಲಸವನ್ನು ತಮ್ಮ ತಲೆ ಮೇಲೆ ಹಾಕಿಕೊಂಡವು. ಅವಕ್ಕೂ ಆಗಲೇ ಏದುಸಿರು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಐದೂ ಮಲಗಿದವು.

ಮತ್ತೆ ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಒಂದನ್ನು ಎಬ್ಬಿಸಬೇಕು, ಅದು ತನ್ನ ಪಾಲನ್ನು ನೋಡಿಕೊಳ್ಳುವ ತನಕ ಕಾಯಬೇಕು, ಆಮೇಲೆ ಇನ್ನೊಂದು. ನನಗೆ ತಾಳ್ಮೆ ಕಡಿಮೆ. ಐದನ್ನೂ ಒಟ್ಟಿಗೆ ಎಬ್ಬಿಸಿದೆ. ಅವು ಯಾರ ಬಳಿ ಏನಿದೆ ಎಂದು ಒಂದನ್ನೊಂದು ವಿಚಾರಿಸಿಕೊಳ್ಳುತ್ತ, ಇದ್ದದ್ದನ್ನೇ ಮತ್ತೆ ನಕಲು ಮಾಡಿಕೊಳ್ಳುತ್ತ ಮಧ್ಯಾಹ್ನ ಎರಡರ ತನಕ ಕೂತವು. ಅಷ್ಟರಲ್ಲಿ ಟೆಂಡರ್ ಮುಗಿದಿತ್ತು.

ಆ ದಿನ ಮಾರಾಟವಾಗದೆ ವಾಪಸ್ಸು ಹೋದವುಗಳಲ್ಲಿ ಹೊನ್ನವಳ್ಳಿಯ ನನ್ನ ಚಿಕ್ಕಮ್ಮನ ಏಳು ಚೀಲಗಳೂ ಇದ್ದವು. ಹತ್ತು ತಿಂಗಳು ಕಾಯಿಯನ್ನು ಅಟ್ಟದಲ್ಲಿಟ್ಟು, ಅಲ್ಲಾಡಿಸಿದರೆ ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಟಲೊಟ ಅನ್ನುವ ತನಕ ಕಾದು, ಸುಲಿಸಿ, ಚಿಪ್ಪು ಒಡೆಸಿ ತಂದಿದ್ದಳು. ಮೊದಲಿನ ಹಾಗೆ ಗುರುತಿನ ಮಂಡಿಗೆ ಹಾಕದೆ, ನಮ್ಮ ವ್ಯವಸ್ಥೆಯಲ್ಲೇ ಹಾಕು ಎಂದು ಅವಳಿಗೆ ಹೇಳಿದ್ದು ನಾನೇ. ಚೀಲಗಳನ್ನು ಮಂಡಿಯಲ್ಲಿ ಬಿಟ್ಟು ಹೋಗಲು ಅವಳಿಗೆ ಯಾರ ಮೇಲೂ ನಂಬಿಕೆಯಿಲ್ಲ. ಗೂಡ್ಸ್ ಆಟೋಕ್ಕೆ ವಾಪಸ್ಸು ಹೇರಿಸಿ, ಮುಂದೆ ಡ್ರೈವರ್ ಪಕ್ಕ ಕೂತು, “ನಿನ್ ಮಷಿನ್ನು ಮಲಗ್ತದೆ ಅಂತ ಮೊದ್ಲೇ ಹೇಳಿದ್ರೆ ನಾನೂ ಮನೇಲೇ ಮಲಗ್ತಿದ್ದೆ ಕಣೇ,” ಎಂದು ಹೋದಳು.

ಮಾಲೀಕರಿಗೆ ಒಂದೇ ಔಷಧ ಗೊತ್ತು, ಹೆಚ್ಚು ತರುವುದು. ಮರುದಿನವೇ ತುಮಕೂರಿಗೆ ಹೋಗಿ ಐದಕ್ಕೂ ಹೆಚ್ಚಿನ ಮೆಮೊರಿ ತಂದರು. ಹಾಕಿದೆವು. ಗೋಡೆಯ ಪರದೆಯ ಮೇಲೆ ಮೆಮೊರಿಯ ಗೆರೆ ಗರಗಸದ ಹಲ್ಲಿನ ಹಾಗೆ ಏರುತ್ತ, ಗುಡಿಸಿದಾಗ ಇಳಿಯುತ್ತ ಚೆನ್ನಾಗಿಯೇ ಇತ್ತು. ಮುಂದಿನ ಟೆಂಡರ್ ದಿನ ಹನ್ನೊಂದೂವರೆಗೆ ಹಲ್ಲುಗಳೆಲ್ಲ ಮಾಯವಾಗಿ ಗೆರೆ ನೆತ್ತಿಯಲ್ಲಿ ನೆಟ್ಟಗೆ ನಿಂತಿತು. ಈ ಸಲ ಮೊದಲು ಹೋದದ್ದು ತುರುವೇಕೆರೆ. ಅಷ್ಟು ಖರ್ಚು ಮಾಡಿ ನಾವು ಸಂಪಾದಿಸಿದ್ದು ಅರ್ಧ ಗಂಟೆ. ಚಿಕ್ಕಮ್ಮನ ಏಳು ಚೀಲ ಎರಡನೇ ಸಲ ಹೊನ್ನವಳ್ಳಿಗೆ ಹೊರಟವು. ಈ ಬಾರಿ ಅವಳು ನನ್ನ ಜೊತೆ ಮಾತಾಡಲಿಲ್ಲ, ಅದು ಇನ್ನೂ ಕೆಟ್ಟದ್ದು.

ಮಧ್ಯಾಹ್ನ ಸಾಹುಕಾರರು ಮಾಲೀಕರನ್ನು ಕರೆಸಿಕೊಂಡರು. ಸಾಹುಕಾರರು ಎಂದರೆ ವರ್ತಕರಲ್ಲೇ ಹಿರಿಯರು. ಅವರು ಟೆಂಡರ್ ಹಾಕಿದರೆ ಉಳಿದವರು ಹಾಕುತ್ತಾರೆ, ಅವರು ಎದ್ದು ಹೋದರೆ ಉಳಿದವರೂ ಏಳುತ್ತಾರೆ. ಅವರು ಗದರಲಿಲ್ಲ. “ಇನ್ನೊಂದ್ ಟೆಂಡರ್ ನೋಡನ. ಅವತ್ತೂ ಬಿದ್ರೆ ಇದ್ನ ತಗ್ದು ಬುಡಿ, ನಮ್ಗೆ ಮೊದ್ಲಿನ್ ಹಂಗೆ ಕಪ್ಪು ಹಲಗೆನೇ ಸಾಕು,” ಎಂದರಂತೆ. ಅವರ ಕೋರಿಕೆಯ ಮೇಲೆಯೇ ಮುಂದಿನ ಟೆಂಡರಿಗೆ ಒಂದು ವಾರ ಬಿಡುವು ಸಿಕ್ಕಿತು.

ಮಾಲೀಕರು ಮೇಲೆ ಬಂದು, ಇದು ಹೋದರೆ ತಾವು ಹಿಂದಿನಂತೆ ಸಿಸಿ ಕ್ಯಾಮೆರಾ ಮಾರುವುದಾಗಿಯೂ, ಆ ಕೆಲಸಕ್ಕೆ ಏಣಿ ಹತ್ತುವವರಿದ್ದರೆ ಸಾಕೆಂದೂ ಹೇಳಿದರು. ಅರ್ಥವಾಯಿತು. ತಿಪಟೂರಿನಲ್ಲಿ ನನ್ನ ಕೆಲಸಕ್ಕೆ ಇನ್ನೊಂದು ಬಾಗಿಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಐದು ಹಳೆಯ ಡಬ್ಬಗಳನ್ನು ಓಡಿಸುವುದು ನನಗೆ ಇಷ್ಟ. ಬೆಳಿಗ್ಗೆ ಬಂದು ಗೆರೆ ನೋಡದಿದ್ದರೆ ಕಾಫಿ ಇಳಿಯುವುದಿಲ್ಲ. ಅದು ಹೋಗುತ್ತದೆಂದು ಆ ದಿನ ನಿಜವಾಗಿ ಹೆದರಿದೆ.

ಹೆದರಿದಾಗ ಮಾಡಬೇಕಾದ ಕೆಲಸ ಬಿಟ್ಟು ಬೇರೆಯವರನ್ನು ಬಯ್ಯುವುದು ನನ್ನ ಅಭ್ಯಾಸ. ಮೊದಲು ಸಹೋದ್ಯೋಗಿಯ ಕೋಡನ್ನು ಬಯ್ದೆ. ಆಮೇಲೆ ಗೋದಾಮಿನ ಸೆಕೆಯನ್ನು. ಕೊನೆಗೆ, ನಿಧಾನವಾಗಿ ನಡೆದ ಹುಡುಕಾಟಗಳನ್ನೆಲ್ಲ ಬರೆದಿಡುವ ದಾಖಲೆಯೊಂದಿದೆ, ಮೊದಲ ದಿನವೇ ನೋಡಬೇಕಿದ್ದ ಅದನ್ನು ತೆರೆದೆ.

ಅಲ್ಲಿ ವಿಚಿತ್ರ ಕಂಡಿತು. ಯಾರೋ ಬರೀ ‘ಕೊಬ್ಬರಿ’ ಎಂದು ಹುಡುಕುತ್ತಾರೆ. ಮೊದಲ ಪುಟ ಬರುತ್ತದೆ. ಅದನ್ನು ಓದುವುದೂ ಇಲ್ಲ, ಮೂರೇ ಸೆಕೆಂಡಿನಲ್ಲಿ ಕೊನೆಯ ಪುಟ ಕೇಳುತ್ತಾರೆ. ಲಕ್ಷಗಟ್ಟಲೆ ಚೀಲಗಳ ಕೊನೆಯ ಹತ್ತು. ಒಬ್ಬರಲ್ಲ, ಹತ್ತಾರು ಜನ, ಎಲ್ಲರೂ ಹನ್ನೊಂದರ ಸುತ್ತಮುತ್ತ.

ಕೊನೆಯ ಹತ್ತು ಎಂದರೆ ಕಡಿಮೆ ಕೆಲಸ ಎಂದು ನೋಡುವವರಿಗೆ ಅನ್ನಿಸುತ್ತದೆ. ಆದರೆ ಯಾವ ಹತ್ತು ಕೊನೆಯವು ಎಂದು ತಿಳಿಯಬೇಕಾದರೆ ಐದೂ ಕಂಪ್ಯೂಟರುಗಳು ತಮ್ಮಲ್ಲಿರುವ ಅಷ್ಟೂ ಚೀಲಗಳನ್ನು ಮೊದಲಿನಿಂದ ಕೊನೆಯ ತನಕ ಸಾಲಾಗಿ ಜೋಡಿಸಬೇಕು. ಐದು ಸಾಲುಗಳನ್ನೂ ಒಂದರ ಕೈಗೆ ಕೊಡಬೇಕು. ಅದು ಎಲ್ಲವನ್ನೂ ಸೇರಿಸಿ ಒಂದೇ ಸಾಲು ಮಾಡಿ, ಕೊನೆಯ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯಬೇಕು. ಹತ್ತು ಚೀಲ ತೋರಿಸಲು ಇಡೀ ಗೋದಾಮನ್ನು ಅಂಗಳಕ್ಕೆ ತಂದು ಹಾಕಿದಂತೆ. ಮೂವತ್ತು ಜನ ಒಟ್ಟಿಗೆ ಕೇಳಿದರೆ ಮೂವತ್ತು ಗೋದಾಮು, ಅಂಗಳ ಮಾತ್ರ ಒಂದೇ.

ಮನುಷ್ಯರಾದವರು ಹೀಗೆ ಮಾಡುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಇದು ಯಾರೋ ಬೇಕೆಂದೇ ನಮ್ಮನ್ನು ಕೆಡವಲು ಹೊರಗಿನಿಂದ ಕಳಿಸುತ್ತಿರುವ ಪ್ರೋಗ್ರಾಂ. ಹಾಗೆಂದು ಮಾಲೀಕರಿಗೆ ಘನವಾಗಿ ಹೇಳಿದೆ. ಅವರಿಗೆ ಖುಷಿಯೇ ಆಯಿತು. ಸಂಜೆಯೊಳಗೆ ಬೇಕರಿ, ಗಿರಣಿ, ಬಸ್‌ಸ್ಟ್ಯಾಂಡು ಎಲ್ಲ ಕಡೆ, “ನಮ್ಗೆ ಫಾರಿನ್ನಿಂದ ಅಟ್ಯಾಕ್ ಆಗ್ತಾ ಐತೆ,” ಎಂದು ಸಾರಿಬಂದರು. ಕೆಲವರು ಅಭಿನಂದಿಸಿದರಂತೆ.

ಮರುದಿನ ಸಹೋದ್ಯೋಗಿ ಅಷ್ಟೂ ಹುಡುಕಾಟಗಳ ಜಾಡು ಹಿಡಿದು ಕೂತಿದ್ದವನು ಕುರ್ಚಿ ತಿರುಗಿಸಿದ.

“ಅಕ್ಕ, ಫಾರಿನ್ ಅಲ್ಲ.”

“ಮತ್ತೆ?”

“ಕೆಳಗಡೆ ಟೀ ಅಂಗಡಿ. ನಮ್ ವರ್ತಕರೇ. ಮೊದಲನೇ ನಂಬರು ಸಾವ್ಕಾರ್ರದು.”

ನಾನು ಸಾಹುಕಾರರಿಗೆ ಫೋನು ಮಾಡಿ, ಬೇಸರ ಮಾಡಿಕೊಳ್ಳಬೇಡಿ, ನೀವು ಕೊನೆಯ ಪುಟಕ್ಕೆ ಯಾಕೆ ಹೋಗುತ್ತೀರಿ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಮತ್ತೆ ಮೊದ್ಲನೇ ಪುಟ ಯಾರಾರ ನೋಡ್ತಾರೇನಮ್ಮ? ಚೀಲದ ಬಾಯಲ್ಲಿ ಚಂದಾಗಿರವೇ ಇಟ್ಟಿರ್ತಾರೆ. ಕೈ ಹಾಕದಾದ್ರೆ ತಳಕ್ಕೇ ಹಾಕ್ಬೇಕು. ಅಲ್ಲಿ ಕೆಟ್ಟದ್ನ ಯಾರ್ ಯಾರ್ ತಂದವ್ರೆ ಅಂತ ಒಂದ್ಸಲ ನೋಡ್ಕೊಂಡ್ರೆ, ಒಳ್ಳೇವ್ರು ಯಾರು ಅಂತ ತಾನಾಗೇ ಗೊತ್ತಾಗೋಯ್ತದೆ.”

“ಎಲ್ಲಾರೂ ಹಂಗೇ ನೋಡ್ತಾರಾ?”

“ಕೊಬ್ಬರಿ ಯಾಪಾರ ಮಾಡೋರೆಲ್ಲ ಹಂಗೇ ಕಣಮ್ಮ. ನೀನೂ ಈ ಕಡೇಳೇ ಅಲ್ವ?”

ಈ ಕಡೆಯವಳೇ. ಕೊಬ್ಬರಿ ಚೀಲದ ಮೇಲೆ ಕೂತು ಅಆಇಈ ಕಲಿತವಳು. ಟೊಮೆಟೊ ಕೊಳ್ಳುವಾಗ ನಾನೂ ಬುಟ್ಟಿಯ ತಳಕ್ಕೇ ಕೈ ಹಾಕುತ್ತೇನೆ. ಚಿಕ್ಕಮ್ಮ ಚೀಲ ತುಂಬುವಾಗ ಬಾಯಲ್ಲಿ ದುಂಡಗಿನ ನಾಲ್ಕು ಗಿಟುಕು ಆರಿಸಿ ಇಡುವುದನ್ನು ಕಂಡು ಚಿಕ್ಕಂದಿನಲ್ಲಿ ಇದು ಮೋಸ ಅಲ್ವಾ ಎಂದು ಕೇಳಿದ್ದೆ. “ಮೋಸ ಅಲ್ಲ ಕಣೇ, ಮರ್ಯಾದೆ. ನೆಂಟ್ರು ಬಂದ್ರೆ ಒಡಕು ತಟ್ಟೇಲಿ ಉಣ್ಣಕ್ ಇಕ್ತೀವಾ?” ಎಂದಿದ್ದಳು. ಕೊಡುವವರ ಮರ್ಯಾದೆ ಮೇಲೆ, ಕೊಳ್ಳುವವರ ಅನುಮಾನ ಕೆಳಗೆ. ಇದೆಲ್ಲ ಗೊತ್ತಿದ್ದೂ ನಾನು ಫಾರಿನ್ನಿಗೆ ಹೋಗಿಬಂದಿದ್ದೆ.

ಇನ್ನೊಂದು ವಿಷಯ ಉಳಿದಿತ್ತು. ನಾವು ಬಳಸುವ ಹುಡುಕುವ ತಂತ್ರಾಂಶ ಇಂಥ ತೊಂದರೆ ಗೊತ್ತಿದ್ದೇ ಹತ್ತು ಸಾವಿರ ಚೀಲಗಳಾಚೆಗೆ ಹೋಗಲು ಯಾರನ್ನೂ ಬಿಡುವುದಿಲ್ಲ. ಹಾಗಾದರೆ ಇವರು ಹೇಗೆ ಹೋದರು? ಸಹೋದ್ಯೋಗಿ ಬದಲಾವಣೆಗಳ ಪಟ್ಟಿ ತೆಗೆದ. ಒಂದೂವರೆ ತಿಂಗಳ ಹಿಂದೆ ಆ ಮಿತಿಯನ್ನು ಯಾರೋ ಕಿತ್ತು, ಐವತ್ತು ಲಕ್ಷ ಎಂದು ಬರೆದಿದ್ದರು. ಪಕ್ಕದಲ್ಲಿ ಕಾರಣವೂ ಇತ್ತು: ‘ವರ್ತಕರ ಫೋನ್ ಕಾಟ ತಪ್ಪಿಸಲು’. ಅದರ ಪಕ್ಕದಲ್ಲಿ ಹೆಸರು. ನನ್ನದು.

ನೆನಪಾಯಿತು. ಕೊನೇ ಪುಟ ಬರ್ತಿಲ್ಲ ಎಂದು ದಿನಕ್ಕೆ ಎಂಟು ಹತ್ತು ಫೋನು. ಒಂದು ದಿನ ಊಟದ ಡಬ್ಬಿ ತೆರೆದಾಗ ಬಂದ ಫೋನಿಗೆ ರೇಗಿ, ಎಡಗೈಯಲ್ಲಿ ಅಂಕಿ ಬದಲಿಸಿ ಬಲಗೈಯಲ್ಲಿ ಊಟ ಮುಗಿಸಿದ್ದೆ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಕೊನೆಯ ಪುಟ ಒತ್ತುವವರು ವಾರದಿಂದ ವಾರಕ್ಕೆ ಹೆಚ್ಚುತ್ತ ಬಂದಿದ್ದರು. ಸಹೋದ್ಯೋಗಿ ಪಟ್ಟಿ ಮುಚ್ಚಿದ. ಅವನ ಕೋಡನ್ನು ನಾನು ನಾಲ್ಕು ದಿನ ಬಯ್ದಿದ್ದೆ. ಬೇಕಾದರೆ ಈಗ ತಿರುಗಿ ಅನ್ನಬಹುದಿತ್ತು. “ಕ್ಷಮಿಸೋ,” ಎಂದೆ. “ಮಾಲೀಕರ್ಗೆ ಹೇಳ್ತೀರಾ?” ಎಂದು ಕೇಳಿದ. ನೋಡೋಣ ಎಂದೆ. ಹೇಳುವ ಧೈರ್ಯ ಇರಲಿಲ್ಲ.

ಸದ್ದಿಲ್ಲದೆ ಮಿತಿಯನ್ನು ಮತ್ತೆ ಹತ್ತು ಸಾವಿರಕ್ಕೆ ಇಳಿಸಿದೆ. ಜೊತೆಗೆ, ಮೆಮೊರಿ ತುಂಬುವಂಥ ಹುಡುಕಾಟ ಬಂದರೆ ಅದನ್ನು ಬಾಗಿಲಲ್ಲೇ ತಡೆದು ‘ನಿಮ್ಮ ಕೋರಿಕೆ ತುಂಬಾ ದೊಡ್ಡದಾಗಿದೆ’ ಎಂದು ತೋರಿಸುವ ತಡೆಯನ್ನೂ ಹಾಕಿದೆ. ಪುಸ್ತಕದ ಪ್ರಕಾರ ಇದೇ ಸರಿ. ಮೆಮೊರಿಯ ಗೆರೆ ಹಸುವಿನ ಹಾಗೆ ಸಾಧುವಾಯಿತು. ಒಂದು ಗಂಟೆ ನೆಮ್ಮದಿಯಾಗಿದ್ದೆ.

ಆಮೇಲೆ ಫೋನು ಶುರುವಾದವು. ತಳ ಮುಚ್ಚಿಟ್ಟಿದ್ದಾರೆ ಎಂದು ಟೀ ಅಂಗಡಿಯಲ್ಲಿ ಸುದ್ದಿಯಾಗಿತ್ತು. ಯಾರದೋ ಕಳಪೆ ಮಾಲನ್ನು ನಾವು ಬಚ್ಚಿಡುತ್ತಿದ್ದೇವೆ, ಅದಕ್ಕೇ ಹೋದ ಸಲ ಬೇಕೆಂದೇ ಬೀಳಿಸಿದ್ದು ಎಂದೂ ಸೇರಿಕೊಂಡಿತು. ಒಬ್ಬರಿಗೆ ‘ತುಂಬಾ ದೊಡ್ಡದು’ ಎಂದು ಬಂದರೆ ಮತ್ತೆ ಒತ್ತುತ್ತಿದ್ದರು, ಪಕ್ಕದವರ ಫೋನಿನಲ್ಲೂ ಒತ್ತಿ ನೋಡುತ್ತಿದ್ದರು. ಸಾಹುಕಾರರು ನೇರವಾಗಿ ಹೇಳಿದರು: “ನೋಡಮ್ಮ, ಬೀಳದು ಬೇರೆ, ತಳ ತೋರ್ಸಲ್ಲ ಅನ್ನದು ಬೇರೆ. ಬಿದ್ರೆ ಎದ್ದೇಳ್ತದೆ. ತಳ ತೋರ್ಸ್ದೆ ಇರೋ ಚೀಲಕ್ಕೆ ನಾನ್ ಟೆಂಡರ್ ಹಾಕಲ್ಲ.”

ಟೆಂಡರಿಗೆ ಮೂರು ದಿನ ಇತ್ತು. ತೋರಿಸಿದರೆ ಬೀಳುತ್ತದೆ, ತೋರಿಸದಿದ್ದರೆ ತೆಗೆಸುತ್ತಾರೆ. ತಲೆ ಕೆಟ್ಟು ಮೆಟ್ಟಿಲಿಳಿದು ಮಾರುಕಟ್ಟೆ ಅಂಗಳಕ್ಕೆ ಹೋದೆ. ಟೆಂಡರ್ ಇಲ್ಲದ ದಿನವೂ ಅಲ್ಲಿ ಸಣ್ಣಪುಟ್ಟ ವ್ಯಾಪಾರ ಇರುತ್ತದೆ. ಸಾಹುಕಾರರು ತುರುವೇಕೆರೆ ಕಡೆಯಿಂದ ಬಂದ ಚೀಲಗಳ ಒಂದು ಲಾಟಿನ ಮುಂದೆ ನಿಂತಿದ್ದರು. ದೂರದಲ್ಲೇ ನಿಂತು ನೋಡಿದೆ.

ಅವರು ಬಾಯಿ ಬಿಚ್ಚಿದ್ದ ಚೀಲದ ಕಡೆ ಕಣ್ಣೂ ಹಾಯಿಸಲಿಲ್ಲ. ಮೇಲಿನಿಂದ ತಳಕ್ಕೆ ಕೈ ಇಳಿಸುವುದಂತೂ ಆಗದ ಮಾತು, ತೋಳು ಅಷ್ಟು ಉದ್ದವಿಲ್ಲ. ಚೀಲವನ್ನು ಸುರಿಸಲೂ ಇಲ್ಲ. ಹಮಾಲಿಗೆ ಕಣ್ಣಲ್ಲೇ ಹೇಳಿದರು. ಆತ ಬಾಯಿಗೆ ದಾರ ಬಿಗಿದು, ಕೊಕ್ಕೆ ಹಾಕಿ, ಚೀಲವನ್ನು ಮಗುಚಿ ನಿಲ್ಲಿಸಿದ. ತಳದ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಚ್ಚಿದ. ಸಾಹುಕಾರರು ಅಲ್ಲಿಂದ ಐದಾರು ಗಿಟುಕು ತೆಗೆದು ನೋಡಿ, ಮೂಸಿ, ವಾಪಸ್ಸು ಹಾಕಿದರು. ಹಮಾಲಿ ದಬ್ಬಣದಿಂದ ಹೊಲಿಗೆ ಹಾಕಿ ಚೀಲವನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ.

ಓಡಿಬಂದೆ. ಮೆಟ್ಟಿಲಲ್ಲಿ ಚಪ್ಪಲಿ ಒಂದು ಕಳಚಿತು, ಬಿಟ್ಟು ಬಂದೆ.

“ಲೇ, ತಳ ನೋಡಕ್ಕೆ ಮೇಲಿಂದ ಯಾಕೋ ಹೋಗ್ಬೇಕು? ಚೀಲ ಮಗುಚು.”

ಸಹೋದ್ಯೋಗಿ ನನ್ನ ಬರಿಗಾಲನ್ನೂ ಮುಖವನ್ನೂ ನೋಡಿದ. ಆಮೇಲೆ ಅವನಿಗೂ ಹೊಳೆಯಿತು. ಕೊನೆಯ ಪುಟ ಕೇಳಿದರೆ ಲಕ್ಷಗಟ್ಟಲೆ ಚೀಲ ಎಣಿಸಿಕೊಂಡು ಕೊನೆಗೆ ಹೋಗುವ ಬದಲು, ಕ್ರಮವನ್ನೇ ತಿರುಗಿಸಿ ಕಳಪೆ ಮೊದಲು ಎಂದು ಹುಡುಕಿ, ಅದರ ಮೊದಲ ಹತ್ತನ್ನು ಕೊಡುವುದು. ಪ್ರತಿ ಕಂಪ್ಯೂಟರೂ ಹತ್ತೇ ಚೀಲ ಕೈಲಿಟ್ಟುಕೊಂಡರೆ ಸಾಕು. ಕಾಣುವುದು ಅದೇ ಕೊನೆಯ ಪುಟ, ಒಂದು ಗಿಟುಕೂ ವ್ಯತ್ಯಾಸವಿಲ್ಲ. ಅಲ್ಲಿಂದ ಹಿಂದಿನ ಪುಟ, ಅದರ ಹಿಂದಿನ ಪುಟ ಎಂದು ಹೋಗುವವರಿಗೆ, ಕಂಡ ಕಡೆಯ ಚೀಲದ ಮೇಲೆ ಬೆರಳಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಯುವ ಹಾಗೆ ಬರೆದೆವು. ನಡುವಿಗೆ ನೇರವಾಗಿ ಹಾರಲು ಮಾತ್ರ ಬಿಡಲಿಲ್ಲ. ನಡುವೆ ಬೇಕೆಂದವರು ಮೊದಲು ಊರು ಆರಿಸಬೇಕು. ಊರು ಆರಿಸಿದರೆ ರಾಶಿ ತಾನಾಗೇ ಚಿಕ್ಕದಾಗುತ್ತದೆ. ಹತ್ತು ಸಾವಿರದ ಮಿತಿ ಹಾಗೇ ಉಳಿಯಿತು.

ಮೂವತ್ತು ವರ್ತಕರು ಒಟ್ಟಿಗೆ ಕೊನೆಯ ಪುಟ ಒತ್ತಿದಂತೆ ನಟಿಸುವ ಪ್ರೋಗ್ರಾಂ ಬರೆದು ಪರೀಕ್ಷಿಸಿದೆವು. ಗೆರೆ ಅಲ್ಲಾಡಲಿಲ್ಲ. ಅರವತ್ತು ಮಾಡಿದೆವು. ಮುನ್ನೂರು ಮಾಡಿದಾಗ ಹುಳಿಯಾರು ಸ್ವಲ್ಪ ಕೆಮ್ಮಿತು. ಅಷ್ಟು ವರ್ತಕರು ತಿಪಟೂರಿನಲ್ಲಿಲ್ಲ.

ಚಿಕ್ಕಮ್ಮನಿಗೆ ಫೋನು ಮಾಡಿ ಮೂರನೇ ಸಲ ಬಾ ಎಂದು ಅಂಗಲಾಚಿದೆ. ಸರಿಹೋಯಿತೆಂದು ನಂಬಿಸಲು ಸಾಹುಕಾರರ ತಳದ ಕಥೆಯನ್ನೂ ಹೇಳಿದೆ. ಅವಳು, “ಓಹೋ, ತಳ ನೋಡ್ತಾರಾ,” ಎಂದಳು ಅಷ್ಟೇ. ಆ ಓಹೋ ನನಗೆ ಆಗಲೇ ಅನುಮಾನ ತರಬೇಕಿತ್ತು.

ಟೆಂಡರ್ ದಿನ ಹತ್ತೂಮುಕ್ಕಾಲಿಗೇ ನಾವು ಮೂವರೂ ಪರದೆಯ ಮುಂದೆ ಕೂತೆವು. ಮಾಲೀಕರು ಹುಳಿಯಾರಿಗೆ ಕುಂಕುಮ ಇಟ್ಟಿದ್ದರು. ಹನ್ನೊಂದಾಯಿತು. ಕೊನೆಯ ಪುಟದ ಕೋರಿಕೆಗಳು ದಬದಬ ಬಂದವು. ಗೆರೆ ಏರಿತು, ಇಳಿಯಿತು, ಹಲ್ಲು ಹಲ್ಲಾಗಿ ನಡೆಯಿತು. ಹನ್ನೊಂದೂ ಕಾಲಾಯಿತು. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ಸಹೋದ್ಯೋಗಿ, “ಅಕ್ಕ, ಯಾರೂ ಟೆಂಡರ್ ಹಾಕ್ತಿಲ್ಲ,” ಎಂದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸಾಹುಕಾರರು ಮೊಣಕಾಲು ಹಿಡಿದುಕೊಂಡು ಹತ್ತಿ ಬಂದಿದ್ದರು, ಹಿಂದೆ ನಾಲ್ಕಾರು ವರ್ತಕರು.

“ಇಷ್ಟ್ ದಿನ ತಳ ಬರಕ್ಕೆ ಒಂದ್ ಬೀಡಿ ಸೇದೋ ಹೊತ್ತಾಗ್ತಿತ್ತು. ಇವತ್ತು ಒತ್ತಿದ್ ತಕ್ಷಣ ಬಂತಲ್ಲಮ್ಮ. ಇದ್ ನಿಜವಾದ್ ತಳನೋ, ಮೊದ್ಲೇ ಮಾಡಿಟ್ಟಿದ್ದೋ?”

ನಿಧಾನವಾದರೆ ಬಯ್ಯುವವರನ್ನು ಕಂಡಿದ್ದೆ. ಬೇಗ ಆಯಿತೆಂದು ಅನುಮಾನ ಪಡುವವರನ್ನು ಅದೇ ಮೊದಲು ಕಂಡದ್ದು. ನನಗೆ ಅಳು ಬರುವ ಹಾಗಾಯಿತು, ಆದರೂ ಬಾಯಿ ನಡೆಯಿತು.

“ಸಾಹುಕಾರ್ರೇ, ಅವತ್ತು ಅಂಗಳದಲ್ಲಿ ತುರುವೇಕೆರೆ ಚೀಲದ ತಳ ನೋಡಿದ್ರಲ್ಲ, ಚೀಲ ಸುರಿಸಿದ್ರಾ?”

“ಸುರಿಸ್ತಾರಾ ಯಾರಾರ? ಮಗುಚಿ ಹೊಲಿಗೆ ಬಿಚ್ಚಿಸ್ದೆ.”

“ಇಷ್ಟು ದಿನ ಈ ಮಷಿನ್ನು ಸುರೀತಿತ್ತು. ಈಗ ಮಗುಚೋದು ಕಲ್ತಿದೆ.”

ಅವರು ಪರದೆಯತ್ತ ಬೆರಳು ಮಾಡಿದರು. “ಮಾತು ಚೆನ್ನಾಗೈತೆ. ಕೆಳಗೆ ಬಾ, ಪಟಕ್ಕೂ ಚೀಲಕ್ಕೂ ತಾಳೆ ಐತಾ ನೋಡನ,” ಎಂದರು.

ಅಂಗಳದಲ್ಲಿ ಎದುರಿಗೇ ಸಿಕ್ಕಿದ್ದು ನನ್ನ ಚಿಕ್ಕಮ್ಮ, ತನ್ನ ಏಳು ಚೀಲಗಳ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಅವಳು ನನಗೇನು ಆಗಬೇಕೆಂದು ಸಾಹುಕಾರರಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಹೊನ್ನವಳ್ಳಿ ಎಂದು ಹುಡುಕಿ ಅವಳ ಚೀಲದ ಪಟ ತೆಗೆದರು. ಪಟದಲ್ಲಿ ಇದ್ದದ್ದು ಸಾಧಾರಣ ಗಿಟುಕು, ದುಂಡಗಿನ ನಾಲ್ಕು ಕಾಣಲಿಲ್ಲ. ಸಾಹುಕಾರರು ಹಮಾಲಿಗೆ ಕಣ್ಣು ಮಾಡಿದರು. ಚೀಲ ಮಗುಚಿತು, ಹೊಲಿಗೆ ಬಿಚ್ಚಿತು.

ತಳದಿಂದ ಬಂದವು ಒಂದಕ್ಕಿಂತ ಒಂದು ಚೆಂದ. ದುಂಡಗೆ, ಕಲೆಯಿಲ್ಲದೆ, ಎಣ್ಣೆ ಹೊಳಪು. ಸಾಹುಕಾರರು ಒಂದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿಂದಿದ್ದ ವರ್ತಕರು ಹತ್ತಿರ ಬಂದರು.

“ತಳದಲ್ಲಿ ಇಂಥದ್ ಇಟ್ಟೋರ್ನ ನಾನ್ ಕಂಡೇ ಇಲ್ಲ,” ಎಂದರು. ಆಮೇಲೆ ಹುಬ್ಬು ಗಂಟಾಯಿತು. “ಹಂಗಾರೆ ಮೇಲೆ ಏನಿಟ್ಟಿದೀಯಾ? ಬಾಯಿ ಬಿಚ್ಲಾ.”

ತಳ ಹೊಲಿದು, ಚೀಲ ನೆಟ್ಟಗೆ ನಿಲ್ಲಿಸಿ ಬಾಯಿ ಬಿಚ್ಚಿದರು. ನಡುವೆ ತೋಳು ಮುಳುಗುವ ತನಕ ಕೈ ಹಾಕಿದರು. ಬಾಯಲ್ಲಿ ಪಟದಲ್ಲಿದ್ದವೇ ಇದ್ದವು; ಎಲ್ಲ ಕಡೆಯೂ ಒಳ್ಳೆಯ ಕೊಬ್ಬರಿಯೇ, ತಳದ ನಾಲ್ಕು ಮಾತ್ರ ಸ್ವಲ್ಪ ಹೆಚ್ಚು ದುಂಡಗೆ.

“ಎಲ್ಲಾ ಕಡೆನೂ ಅದೇ ಐತಲ್ಲ,” ಎಂದರು, ಮೋಸಹೋದವರ ಹಾಗೆ.

“ಮತ್ತೇನ್ ಸಾವ್ಕಾರ್ರೇ, ನಮ್ಮನೇಲಿ ಇರದು ಒಂದೇ ಅಟ್ಟ,” ಎಂದಳು ಚಿಕ್ಕಮ್ಮ. “ಚೆನ್ನಾಗಿರವ್ನ ಮೇಲಿಟ್ರೆ ನೀವು ನೋಡಲ್ಲ ಅಂತ ಇಗೋ, ನಮ್ಮಕ್ಕನ್ ಮಗ್ಳೇ ಹೇಳಿದ್ಲು. ಅದ್ಕೇ ಕೆಳಗಿಟ್ಟೆ. ಮರ್ಯಾದೆ ಎಲ್ಲಿ ಇಕ್ಕುದ್ರೂ ಮರ್ಯಾದೆನೇ.”

ವರ್ತಕರು ನಕ್ಕರು. ಸಾಹುಕಾರರು ನಗಲಿಲ್ಲ, ನನ್ನ ಕಡೆ ತಿರುಗಿದರು.

“ಅದೆಲ್ಲ ಸರಿ. ಎರಡ್ ಸಲ ಬಿತ್ತಲ್ಲ, ಅದ್ಯಾರ್ ತಪ್ಪು?”

ಮಾಲೀಕರು ಮುಂದೆ ಬಂದು, “ಅದೂ ಸಾವ್ಕಾರ್ರೇ, ಫಾರಿನ್ನಿಂದ,” ಎಂದು ಶುರುಮಾಡಿದರು. ನನ್ನ ಮುಂದೆ ದಾರಿ ಸಲೀಸಾಗಿತ್ತು, ಸುಮ್ಮನಿದ್ದರೆ ಸಾಕಿತ್ತು. ಆದರೆ ಎದುರಿಗೆ ಆ ಏಳು ಚೀಲಗಳಿದ್ದವು, ಅವುಗಳ ಹಿಂದೆ ಎರಡು ಸಲ ಸುಮ್ಮನೆ ಬಂದು ಹೋದ ಚಿಕ್ಕಮ್ಮ ಇದ್ದಳು.

“ಫಾರಿನ್ ಅಲ್ಲ. ತಪ್ಪು ನಂದು,” ಎಂದೆ. “ಅಷ್ಟು ಕೆಳಗೆ ಹೋಗಬಾರದು ಅಂತ ಒಂದು ಮಿತಿ ಇತ್ತು. ನೀವೆಲ್ಲ ಫೋನು ಮಾಡಿ ತಲೆ ತಿಂತೀರಾ ಅಂತ ಅದನ್ನ ನಾನೇ ಕಿತ್ತು ಹಾಕಿದೆ. ಊಟ ಮಾಡ್ತಾ ಮಾಡಿದೆ. ಆಮೇಲೆ ನಾಲ್ಕು ದಿನ ಬೇರೆಯವರನ್ನ ಬಯ್ಕೊಂಡು ಓಡಾಡಿದೆ.”

ಮಾಲೀಕರ ಬಾಯಿ ತೆರೆದಿದ್ದು ಹಾಗೇ ಇತ್ತು. ಚಿಕ್ಕಮ್ಮ ನನ್ನನ್ನು ನೋಡಿದ ನೋಟಕ್ಕೆ ಮುಂದಿನ ಹಬ್ಬದ ತನಕ ಹೊನ್ನವಳ್ಳಿಗೆ ಹೋಗುವ ಹಾಗಿರಲಿಲ್ಲ. ಸಾಹುಕಾರರು ಕೈಲಿದ್ದ ಗಿಟುಕನ್ನು ನಿಧಾನವಾಗಿ ಚೀಲಕ್ಕೆ ಹಾಕಿ, ಕೈ ಒರೆಸಿಕೊಂಡರು.

“ಈಗ ತಳ ಕಾಣ್ತು,” ಎಂದರು. “ಓಡ್ಲಿ ಬುಡು.”

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಟೆಂಡರ್‌ಗಳು ಬಂದವು. ಏಳು ಚೀಲ ಮೂರನೇ ಸಲ ಹೊನ್ನವಳ್ಳಿಗೆ ಹೋಗಲಿಲ್ಲ. ಚಿಕ್ಕಮ್ಮ ಖಾಲಿ ಆಟೋದಲ್ಲಿ ಹೋದಳು, ಡ್ರೈವರ್ ಪಕ್ಕದಲ್ಲಿ, ನನಗೆ ಕೈ ಬೀಸದೆ.

ಮುಂದಿನ ಟೆಂಡರ್ ದಿನ ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು.

“ಅಮ್ಮ, ಮೇಲೆ ನೋಡ್ದೆ, ತಳ ನೋಡ್ದೆ. ನಡೂವೆ ಏನಿಟ್ಟಿದೀರಾ?”

ನಾನು ಪರದೆಯ ಗೆರೆಯ ಮೇಲೆ ಕಣ್ಣಿಟ್ಟು, ನಡುವೆ ಹಾಗೆಲ್ಲ ತೋರಿಸಲು ಬರುವುದಿಲ್ಲ ಸಾಹುಕಾರ್ರೇ, ಮೊದಲು ಯಾವ ಊರು ಎಂದು ಹೇಳಬೇಕು ಎಂದೆ.

“ಹೊನ್ನವಳ್ಳಿ,” ಎಂದರು. “ನಿಮ್ ಚಿಕ್ಕಮ್ಮ ಇವತ್ತು ಎಲ್ಲಿಟ್ಟವ್ರೆ ಅಂತ ನೋಡ್ಬೇಕು.”